ಲಂಡನ್‌ಗೆ ಹೋಗೋರು ಟಿಕೆಟ್ ಮೇಲಿನ ಗಂಟೆ ನೋಡಿ ಮೋಸ ಹೋಗಬೇಡಿ

ಮಕ್ಕಳನ್ನು ನೋಡಲು ಲಂಡನ್‌ಗೆ ಹೊರಟಿರುವ ಹಿರಿಯರು ನಮ್ಮ ಶಿವಮೊಗ್ಗ ಕಡೆ ಜಾಸ್ತಿ ಆಗಿದ್ದಾರೆ, ಅವರಿಗಾಗಿ ಇದು.

ಟಿಕೆಟ್‌ನಲ್ಲಿ ಹೊರಡುವುದು ಮಧ್ಯಾಹ್ನ 1, ಇಳಿಯುವುದು ಸಂಜೆ 6.30 ಎಂದಿದೆ ಅಂತಿಟ್ಟುಕೊಳ್ಳಿ. ಐದೂವರೆ ಗಂಟೆಯಲ್ಲಿ ಲಂಡನ್ ಸಿಗುವುದಿಲ್ಲ! ಎರಡೂ ಆಯಾ ಊರಿನ ಸಮಯ. ಬೇಸಿಗೆಯಲ್ಲಿ ಲಂಡನ್ ನಮಗಿಂತ 4.30 ಗಂಟೆ ಹಿಂದೆ, ಚಳಿಗಾಲದಲ್ಲಿ 5.30. ಅದನ್ನು ಕೂಡಿಸಿ. ಬೇಸಿಗೆಯಾದರೆ ಒಟ್ಟು 10 ಗಂಟೆ. ಬಿಪಿ, ಶುಗರ್ ಮಾತ್ರೆ ಲೆಕ್ಕ ಇದರ ಮೇಲೇ ಹಾಕಬೇಕು. ಮಾತ್ರೆ ಕೈಚೀಲದಲ್ಲೇ ಇರಲಿ.

ಬೆಂಗಳೂರಿನಿಂದ ಲಂಡನ್‌ಗೆ ನೇರ ಗೆರೆ ಎಳೆದರೆ ಸುಮಾರು 8,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಭಾಗಿಸಿದರೆ 9 ಗಂಟೆ ಬರುತ್ತದೆ, ಆದರೆ ಮೇಲೇರಲು, ಇಳಿಯಲು, ಸುತ್ತುದಾರಿಗೆ ಇನ್ನಷ್ಟು ಬೇಕು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ವಾಪಸ್ ಪ್ರಯಾಣ ಬೇಗ ಮುಗಿಯುವುದು ಅದಕ್ಕೇ.

ನಿಜವಾದ ತಲೆನೋವು ಇಲ್ಲಿಂದ ಬೆಂಗಳೂರಿಗೆ ಹೋಗುವುದು. ರಸ್ತೆಯಲ್ಲಿ 300 ಕಿ.ಮೀ.ಗೂ ಜಾಸ್ತಿ, ಏರ್‌ಪೋರ್ಟ್ ಊರಿನ ಆಚೆ ತುದಿ. ರೈಲಿನಲ್ಲಿ ಹೋದರೂ ಮೆಜೆಸ್ಟಿಕ್‌ನಿಂದ ಮತ್ತೆ ಮೂವತ್ತೈದು ಕಿ.ಮೀ. ಇದೆ. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್‌ನಿಂದ ವಿಮಾನದಲ್ಲಿ ಹೋಗುವುದಾದರೆ ಮಳೆಗಾಲ ನೆನಪಿರಲಿ. ಜುಲೈನಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಇಳಿಯುವುದೇ ಇಲ್ಲ. ಎರಡು ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ ಮುಂದಿನ ವಿಮಾನ ನಿಮಗಾಗಿ ಕಾಯುವುದಿಲ್ಲ, ದುಡ್ಡೂ ಹೋಗಬಹುದು. ಮಳೆಗಾಲದಲ್ಲಿ ಹಿಂದಿನ ದಿನವೇ ಬೆಂಗಳೂರು ಸೇರಿ, ನೆಂಟರ ಮನೆ ಇದ್ದೇ ಇರುತ್ತದೆ ಅಲ್ವಾ?