ಓಕ್ ಬೀಜ ಮೊಳೆಯದಿದ್ದರೆ ಫ್ರಿಜ್‌ನಲ್ಲಿಡಿ

ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಆಯ್ದು ತಂದ ರೆಡ್ ಓಕ್ ಮರದ ಬೀಜಗಳು ಎರಡು ವರ್ಷ ಮೊಳೆಯಲೇ ಇಲ್ಲ. ಕುಂಡ ಕೆದಕಿದರೆ ತಿರುಳೆಲ್ಲ ಕಪ್ಪಗೆ ಕೊಳೆತಿತ್ತು.

ಮೊದಲ ಸಲ ಅವರೆಬೀಜದ ಹಾಗೆ ಒಂದು ವಾರ ಒಣಗಿಸಿದ್ದೆ. ಓಕ್ ಬೀಜ ಪೂರ್ತಿ ಒಣಗಿದರೆ ಮುಗೀತು. ಮರುವರ್ಷ ಹಸಿಯಾಗೇ ಮನೆಯೊಳಗೆ ಬೆಚ್ಚಗೆ ಬಿತ್ತಿದೆ, ಅದೂ ಆಗಲಿಲ್ಲ. ಹೊರಗೆ ನೆಟ್ಟವು ಅಳಿಲುಗಳ ಪಾಲಾದವು.

ರೆಡ್ ಓಕ್ ಬೀಜ ಮೊಳೆಯಲು ಮೊದಲು ಚಳಿಗಾಲದಂಥ ತಂಪು ಬೇಕು, ಹಾಗಾಗಿ ಕೆಲಸ ಮಾಡಿದ್ದು ಫ್ರಿಜ್. ಅಕ್ಟೋಬರ್‌ನಲ್ಲಿ ಆಯ್ದ ದಿನವೇ ಬೀಜದ ತುದಿಯ ಟೋಪಿಯಂಥ ಸಿಪ್ಪೆ ಕಿತ್ತು ಬಕೆಟ್ ನೀರಿಗೆ ಹಾಕಿ, ತೇಲಿದ್ದನ್ನೂ ಸಣ್ಣ ತೂತಿದ್ದನ್ನೂ (ಹುಳ ಕೊರೆದದ್ದು) ಎಸೆದೆ. ಮುಳುಗಿದ್ದನ್ನು ಒದ್ದೆ ಮರದಪುಡಿ ಜೊತೆ ಜಿಪ್ ಚೀಲಕ್ಕೆ ತುಂಬಿದೆ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ನೀರು ಜಾಸ್ತಿಯಾದರೆ ಬೂಷ್ಟು ಗ್ಯಾರಂಟಿ. ಚೀಲದ ಬಾಯಿ ಬೆರಳಷ್ಟು ತೆರೆದಿಟ್ಟು, ತರಕಾರಿ ಡ್ರಾಯರ್‌ನಲ್ಲಿ ಕೊತ್ತಂಬರಿ ಪಕ್ಕ, 4 ಡಿಗ್ರಿಯಲ್ಲಿ 90 ದಿನ. ಫ್ರೀಜರ್ ಅಲ್ಲ! ಎರಡು ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದೆ.

ಬಿಳಿ ಬೇರು ಇಣುಕಿದ ಮೇಲೆ ಬೀಜವನ್ನು ಅಡ್ಡ ಮಲಗಿಸಿ 1 ಇಂಚು ಆಳಕ್ಕೆ ನೆಡಿ. ಕುಂಡ 12 ಇಂಚಾದರೂ ಆಳ ಇರಲಿ, ತಾಯಿಬೇರು ಮೊದಲು ಕೆಳಗೇ ಓಡುತ್ತದೆ. ಮೇಲೆ ತಂತಿ ಜಾಲರಿ ಮುಚ್ಚಿ.

ಎಲೆಯಂಚು ದುಂಡಗಿರುವ ವೈಟ್ ಓಕ್‌ಗೆ ಇಷ್ಟೆಲ್ಲ ಬೇಡ, ಬಿದ್ದ ತಕ್ಷಣ ಸುಮ್ನೆ ನೆಟ್ಟುಬಿಡಿ.