ಆ ಕೆಂಪು ಸಂಜೆಯದಲ್ಲ

ಮಾಟುಂಗಾದ ರಾಯರು ಆ ಚಿತ್ರವನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ತಂದಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್, ಪಕ್ಕದಲ್ಲಿ ಕಾವೇರಿ, ಮೇಲೆ ನಸುಗೆಂಪು ಆಕಾಶ. ಅವರ ತಾತ ಮುಂಬಯಿಗೆ ಬಂದ ಹೊಸತರಲ್ಲಿ ಚೋರ್ ಬಜಾರಿನಲ್ಲಿ ಕೊಂಡದ್ದಂತೆ. “ಟಿಪ್ಪುವಿನ ಬೇಸಿಗೆ ಅರಮನೆಯ ಮೇಲೆ ಸೂರ್ಯ ಮುಳುಗುತ್ತಿದ್ದಾನೆ ನೋಡಮ್ಮ. ಬರೆದವನು ಸುಮ್ಮನೆ ಬರೆದಿಲ್ಲ” ಎಂದರು. 1792ರ ಮುತ್ತಿಗೆಯ ಕಾಲದ್ದೆಂದು ಅವರ ನಂಬಿಕೆ. ಸಹಿ ಇರಲಿಲ್ಲ.

ಕಾಗದ ಸಂರಕ್ಷಣೆ ನನ್ನ ಕಸುಬು. ಬೇರೆ ಕಡೆ ಒಂದು ವಾರ ಹಿಡಿಯುವ ಕೆಲಸಕ್ಕೆ ಮುಂಬಯಿಯ ಜುಲೈನಲ್ಲಿ ಮೂರು ವಾರ ಬೇಕು. ಒದ್ದೆಯಾದ ಕಾಗದ ಒಣಗುವುದಿಲ್ಲ, ಒಣಗದಿದ್ದರೆ ಬೂಷ್ಟು.

ಹಾಳೆಯನ್ನು ಯಾರೋ ಸರೇಸು ಬಳಿದು ಅಗ್ಗದ ರಟ್ಟಿಗೆ ಅಂಟಿಸಿದ್ದರು. ರಟ್ಟು ಹುಳಿಯೇರಿ ಕಂದಾಗಿ ಹಪ್ಪಳದಂತೆ ಮುರಿಯುತ್ತಿತ್ತು. ಮೊದಲು ಒಂದೊಂದು ಬಣ್ಣಕ್ಕೂ ಬಟ್ಟಿ ಇಳಿಸಿದ ನೀರಿನ ಹನಿಯಿಟ್ಟು ಹೀರುಕಾಗದ ಒತ್ತಿದೆ. ಮರಗಳ ಹಸಿರು ಇಳಿದು ಬಂತು. ನೀರಿನಲ್ಲಿ ತೊಳೆಯುವ ಮಾತು ಅಲ್ಲಿಗೇ ಮುಗಿಯಿತು. ರಟ್ಟನ್ನು ಹಿಂದಿನಿಂದ ಪದರ ಪದರವಾಗಿ ಸುಲಿದು, ಕೊನೆಗುಳಿದ ಸರೇಸಿಗೆ ಮೀಥೈಲ್ ಸೆಲ್ಯುಲೋಸಿನ ಗಟ್ಟಿ ಲೋಳೆ ಹಚ್ಚಿ, ಮೆತ್ತಗಾದಷ್ಟನ್ನು ಕೆರೆದೆ. ದಿನಕ್ಕೆ ಅಂಗೈಯಗಲ.

ಬಿಡಿಸಿದ ಹಾಳೆಯನ್ನು ಬೆಳಕಿಗೆ ಹಿಡಿದಾಗ ಗಿರಣಿಯವರು ಕಾಗದದೊಳಗೇ ಮೂಡಿಸುವ ಹೆಸರಿನ ಗುರುತು, ಅಂದರೆ ನೀರಚ್ಚು, ಕಾಣಿಸಿತು: ಜೆ. ವಾಟ್‌ಮನ್, 1801. ಕಾಗದದ ಸುಂಕದ ಕಾನೂನಿನಿಂದಾಗಿ ಇಂಗ್ಲೆಂಡಿನ ಗಿರಣಿಗಳು 1794ರಿಂದ ಇಸವಿ ಹಾಕತೊಡಗಿದ್ದವು. ಅಲ್ಲಿಗೆ ಮುತ್ತಿಗೆಯ ಕತೆ ಬಿತ್ತು; ಟಿಪ್ಪು ಸತ್ತ ಮೇಲಿನ ಚಿತ್ರ ಇದು. ಕೆಳಗಿನ ಅಂಚನ್ನು ಕಟ್ಟು ಹಾಕಿದವನೊಬ್ಬ ಚೌಕಟ್ಟಿಗೆ ಹೊಂದಿಸಲು ಕತ್ತರಿಸಿಬಿಟ್ಟಿದ್ದ. ಪೆನ್ಸಿಲಿನಲ್ಲಿ ಬರೆದ ಅಕ್ಷರಗಳ ತಲೆಗಳಷ್ಟೇ ಉಳಿದಿದ್ದವು. ಬೂಷ್ಟಿನ ಮೇಲೂ ನನಗೆ ಇಷ್ಟು ಸಿಟ್ಟು ಎಂದೂ ಬಂದಿಲ್ಲ.

ಹಳೆಯ ಮೌಂಟಿನ, ಅಂದರೆ ಚಿತ್ರದ ಸುತ್ತ ಕಿಂಡಿ ಬಿಟ್ಟು ಕೂರಿಸುವ ರಟ್ಟಿನ, ಕೆಳಗೆ ಬೆರಳಗಲದ ಪಟ್ಟಿಯೊಂದು ಬೆಳಕು ಕಾಣದೆ ಉಳಿದಿತ್ತು. ಅಲ್ಲಿ ಆಕಾಶ ಕೆಂಪಾಗಿರಲಿಲ್ಲ, ಮಳೆಮೋಡದ ನೀಲಿಬೂದು. ಆ ಕಾಲದವರು ಮೋಡಕ್ಕೆ ಗಿಡದ ನೀಲಿಯ ಜೊತೆ ಕೆಮ್ಮಣ್ಣಿನ ಬಣ್ಣ ಬೆರೆಸುತ್ತಿದ್ದರು. ಬೆಳಕು ನೀಲಿಯನ್ನು ತಿನ್ನುತ್ತದೆ, ಕೆಮ್ಮಣ್ಣು ಜಗ್ಗುವುದಿಲ್ಲ. ಜಲವರ್ಣ ಹೀಗೆ ಮಾಸುವುದನ್ನು ರಸೆಲ್ ಮತ್ತು ಆಬ್ನಿ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 1888ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಕಂಬಗಳ ನೆರಳೂ ಬುಡದಲ್ಲೇ ಮುದುಡಿಕೊಂಡಿತ್ತು. ರಾಯರ ಮನೆಯ ಮೂರು ತಲೆಮಾರು ನಡುಮಧ್ಯಾಹ್ನವನ್ನು ಸೂರ್ಯಾಸ್ತವೆಂದು ನೋಡಿಕೊಂಡು ಬಂದಿತ್ತು.

“ಹಾಗಾದರೆ ನೀಲಿ ಹಚ್ಚಿಬಿಡಮ್ಮ” ಎಂದರು ರಾಯರು. ಆಗದು ಎಂದೆ. “ಆ ಅರಮನೆಯ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನೇ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಲಿಲ್ಲವೇ? ಇದೇನು ಮಹಾ!” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊನೆಗೆ, ಆ ಗೋಡೆಯಲ್ಲಿ ಟಿಪ್ಪುವಿನ ಚಿತ್ರಕಾರನ ಗೆರೆ ಯಾವುದು ತೋರಿಸಿ ರಾಯರೇ ಎಂದು ಕೇಳಿದೆ. ಅವರು ಕಾಫಿ ಮುಗಿಸಿ ಎದ್ದರು.

ಬಣ್ಣ ಮುಟ್ಟಲಿಲ್ಲ. ಹರಿದ ಕಡೆ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ಮೇಲಂಚಿನಲ್ಲಿ ಮಾತ್ರ ಎರಡು ಪಟ್ಟಿ ಹಚ್ಚಿ ಹೊಸ ಆಮ್ಲರಹಿತ ಮೌಂಟಿಗೆ ತೂಗುಹಾಕಿದೆ. ಮೌಂಟಿನ ಕಿಂಡಿಯನ್ನು ಮಾತ್ರ ಬೇಕೆಂದೇ ಬೆರಳಗಲ ಹೆಚ್ಚಿಗೆ ಕತ್ತರಿಸಿ ಆ ನೀಲಿ ಪಟ್ಟಿಯನ್ನು ಹೊರಗೆ ಬಿಟ್ಟೆ. ಕಿಟಕಿಯ ಎದುರು ಹಾಕಬೇಡಿ, 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ ಎಂದು ಹೇಳಿ ಕೊಟ್ಟೆ.

ರಾಯರು ಅದನ್ನು ದೇವರ ಮನೆಯ ಪಕ್ಕದ ಕತ್ತಲು ಗೋಡೆಗೆ ಹಾಕಿದ್ದಾರೆ. ಬಂದವರಿಗೆ ಟಾರ್ಚ್ ಹಿಡಿದು ಆ ಪಟ್ಟಿ ತೋರಿಸುತ್ತಾರೆ. “ಮಧ್ಯಾಹ್ನವಂತೆ” ಎನ್ನುತ್ತಾರೆ.