ಮೀಟರ್‌ನಿಂದ ರಾಜಕಾಲುವೆ ತನಕ: ಕೋಲಾರದ ಕಾರ್ಖಾನೆಯೊಂದರ ನೀರಿನ ಲೆಕ್ಕ

ಕೋಲಾರ ಜಿಲ್ಲೆಯ ನರಸಾಪುರ ಕಡೆ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನಾನು ಯುಟಿಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಕರೆಂಟು, ಕಂಪ್ರೆಸರ್, ಬಾಯ್ಲರ್, ನೀರು ಎಲ್ಲವೂ ನಮ್ಮ ತಲೆ ಮೇಲೆ. ಕರೆಂಟಿಗೆ ತಿಂಗಳು ತಿಂಗಳು ದೊಡ್ಡ ಬಿಲ್ ಬರುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ಬೋರ್‌ವೆಲ್ ನೀರಿನ ಖರ್ಚು ಪಂಪಿನ ಕರೆಂಟಿನಲ್ಲೇ ಮುಗಿದುಹೋಗುತ್ತಿತ್ತು. ಅದನ್ನು ಬೇರೆಯಾಗಿ ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಕೋಲಾರದ ಸ್ಥಿತಿ ಗೊತ್ತೇ ಇದೆ ಅಲ್ವಾ. ಪಾಲಾರ್, ದಕ್ಷಿಣ ಪಿನಾಕಿನಿ ಎಂದು ನದಿಗಳ ಹೆಸರಿದೆ, ವರ್ಷದ ಹೆಚ್ಚಿನ ದಿನ ಅವುಗಳಲ್ಲಿ ನೀರಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ. ಅಂತರ್ಜಲದ ಪಟ್ಟಿಯಲ್ಲಿ ಈ ತಾಲ್ಲೂಕು ಎಷ್ಟೋ ವರ್ಷದಿಂದ 'ಅತಿಬಳಕೆ' ಗುಂಪಿನಲ್ಲೇ ಇದೆ. ನಾವು ಎತ್ತುವ ನೀರನ್ನೇ ಪಕ್ಕದ ಹೊಲದವರೂ ಎತ್ತುತ್ತಾರೆ. "ನಿಮ್ಮ ಮೋಟಾರ್ ಆನ್ ಆದ್ರೆ ನಮ್ದು ಗಾಳಿ ಹೊಡಿತದೆ ಸಾರ್" ಎಂದು ಒಬ್ಬ ರೈತರು ಗೇಟಿನ ಹತ್ತಿರ ನಿಂತು ಹೇಳಿದ್ದರು.

ಆದರೆ ಕೆಲಸ ಶುರುವಾಗಿದ್ದು ಆ ಮಾತಿನಿಂದಲ್ಲ. ನಮ್ಮಿಂದ ಮಾಲು ಕೊಳ್ಳುವ ಹೊರದೇಶದ ಕಂಪನಿ ನೀರಿನ ಯೋಜನೆ ತೋರಿಸಿ ಎಂದಿತು. ಅಲಯನ್ಸ್ ಫಾರ್ ವಾಟರ್ ಸ್ಟೀವರ್ಡ್‌ಶಿಪ್ ಎಂಬ ಸಂಸ್ಥೆಯ ಮಾನದಂಡವನ್ನು ಕಳಿಸಿಕೊಟ್ಟಿತು. 2014ರಲ್ಲಿ ಬಂದು 2019ರಲ್ಲಿ ಪರಿಷ್ಕಾರವಾದದ್ದು ಅದು. ಓದಿದಾಗ ಒಂದು ವಿಷಯ ಹಿಡಿಸಿತು. ಕಾಂಪೌಂಡ್ ಒಳಗಿನ ನೀರಿನ ಜೊತೆಗೆ, ಆ ನೀರು ಬರುವ ಮತ್ತು ಹೋಗುವ ಇಡೀ ಜಲಾನಯನದ ಲೆಕ್ಕವನ್ನೂ ಅದು ಕೇಳುತ್ತದೆ.

ಮೊದಲು ಮೀಟರ್ ಹಾಕಿಸಿದೆವು. ಬೋರ್‌ವೆಲ್ ಬಾಯಿಗೊಂದು, ಬಿಸಿಯಾದ ನೀರನ್ನು ತಣಿಸುವ ಕೂಲಿಂಗ್ ಟವರ್‌ಗೊಂದು, ನೀರಿನ ಉಪ್ಪು ತೆಗೆಯುವ ಆರ್‌ಒ ಪ್ಲಾಂಟಿನ ಒಳಗೆ ಹೋಗುವುದಕ್ಕೊಂದು, ಹೊರಗೆ ಬರುವುದಕ್ಕೊಂದು, ಕ್ಯಾಂಟೀನ್‌ಗೆ, ಶೌಚಾಲಯದ ಲೈನಿಗೆ ಒಂದೊಂದು. ಇಲ್ಲಿನ ಗಡುಸು ನೀರಿಗೆ ಚಕ್ರ ತಿರುಗುವ ಅಗ್ಗದ ಮೀಟರ್ ಬೇಡ. ಉಪ್ಪು ಕಟ್ಟಿ ಚಕ್ರ ನಿಂತುಬಿಡುತ್ತದೆ, ನೀರು ಉಳಿತಾಯ ಆಗಿದೆ ಎಂದು ನಾವು ಸುಮ್ನೆ ಖುಷಿ ಪಡುತ್ತೇವೆ. ದುಡ್ಡು ಜಾಸ್ತಿ ಆದರೂ ಮುಖ್ಯ ಲೈನುಗಳಿಗೆ ವಿದ್ಯುತ್ಕಾಂತೀಯ ಮೀಟರ್ ಒಳ್ಳೆಯದು.

ಮೀಟರ್ ಬಂದ ಮೇಲೆ ನೋಡಬೇಕಾದದ್ದು ಭಾನುವಾರದ ರೀಡಿಂಗ್. ಉತ್ಪಾದನೆ ಇಲ್ಲದ ದಿನವೂ ಮುಖ್ಯ ಮೀಟರ್ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಮ್ಮಲ್ಲಿ ಓಡುತ್ತಿತ್ತು. ಕೆಟ್ಟ ಫ್ಲೋಟ್ ವಾಲ್ವ್‌ಗಳು, ರಾತ್ರಿ ಉಕ್ಕುವ ಸಂಪ್, ನೆಲದೊಳಗೆ ತುಕ್ಕು ಹಿಡಿದ ಹಳೆಯ ಜಿಐ ಪೈಪು ಒಂದೊಂದಾಗಿ ಸಿಕ್ಕವು. ಹೊಸ ಪೈಪನ್ನು ನೆಲದ ಮೇಲೇ ಎಳೆಸಿದೆವು. ನೋಡಲು ಚೆಂದ ಇಲ್ಲ, ಆದರೆ ಸೋರಿದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ.

ನಿಜವಾದ ನೀರು ಇದ್ದದ್ದು ಕೂಲಿಂಗ್ ಟವರ್‌ನಲ್ಲಿ. ಅಲ್ಲಿ ನೀರು ಆವಿಯಾಗಿಯೇ ತಂಪಾಗಬೇಕು, ಅದನ್ನು ತಪ್ಪಿಸಲು ಆಗುವುದಿಲ್ಲ. ಆವಿ ಹೋದ ಮೇಲೆ ಉಳಿದ ನೀರಿನಲ್ಲಿ ಉಪ್ಪು ಹೆಚ್ಚುತ್ತದೆ, ಅದಕ್ಕೇ ಸ್ವಲ್ಪ ನೀರನ್ನು ಹೊರಗೆ ಬಿಡಬೇಕು. ಇದು ಬ್ಲೋಡೌನ್. ಒಳಗೆ ಬರುವ ನೀರಿಗಿಂತ ಎಷ್ಟು ಪಟ್ಟು ಉಪ್ಪಾಗಲು ಬಿಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದಿನಕ್ಕೆ 100 ಘನ ಮೀಟರ್ ಆವಿಯಾಗುತ್ತದೆ ಎಂದು ಇಟ್ಟುಕೊಳ್ಳಿ. ಎರಡು ಪಟ್ಟಿಗೇ ಹೊರಗೆ ಬಿಟ್ಟರೆ ಬ್ಲೋಡೌನ್ 100, ಒಟ್ಟು ಬೇಕಾದ ನೀರು 200. ಮೂರು ಪಟ್ಟಿಗೆ ಬಿಟ್ಟರೆ ಒಟ್ಟು 150. ಆರು ಪಟ್ಟಿಗೆ 120. ಹತ್ತು ಪಟ್ಟಿಗೆ ಹೋದರೆ 111, ಅಷ್ಟೇ. ಅಂದರೆ ಎರಡರಿಂದ ಆರಕ್ಕೆ ಹೋಗುವುದರಲ್ಲಿ ಲಾಭ ಇದೆ. ಆಮೇಲೆ ಕಷ್ಟ ಜಾಸ್ತಿ, ಫಲ ಕಡಿಮೆ.

ನಮ್ಮಲ್ಲಿ ಆಪರೇಟರ್ ಪ್ರತಿ ಶಿಫ್ಟ್‌ನಲ್ಲೂ ವಾಲ್ವ್ ತೆಗೆದು ಅಂದಾಜಿನಲ್ಲಿ ನೀರು ಬಿಡುತ್ತಿದ್ದರು. ಅವರನ್ನು ದೂರುವ ಹಾಗಿಲ್ಲ, ಅವರ ಕೈಗೆ ಯಾವ ಉಪಕರಣವನ್ನೂ ಕೊಟ್ಟಿರಲಿಲ್ಲ. ನೀರು ಎಷ್ಟು ಉಪ್ಪಾಗಿದೆ ಎಂದು ತೋರಿಸುವ ಕಂಡಕ್ಟಿವಿಟಿ ಸೆನ್ಸರ್ ಹಾಕಿ, ವಾಲ್ವ್ ತಾನಾಗಿ ತೆರೆಯುವಂತೆ ಮಾಡಿದೆವು. ಆಗ ಅಡ್ಡ ಬಂದದ್ದು ಸಿಲಿಕಾ. ಗ್ರಾನೈಟ್ ಕಲ್ಲಿನ ಸೀಮೆ ಇದು, ನೀರಿನಲ್ಲಿ ಸಿಲಿಕಾ ಇದ್ದೇ ಇರುತ್ತದೆ. ಸಾಫ್ಟ್‌ನರ್ ಗಡಸುತನವನ್ನು ತೆಗೆಯುತ್ತದೆ, ಸಿಲಿಕಾವನ್ನು ಮುಟ್ಟುವುದಿಲ್ಲ. ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಕಂಡೆನ್ಸರ್ ಪೈಪಿನೊಳಗೆ ಗಾಜಿನಂಥ ಪದರ ಕಟ್ಟುತ್ತದೆ, ಅದನ್ನು ಕಿತ್ತವರಿಗೇ ಗೊತ್ತು ಕಷ್ಟ. ಅದಕ್ಕೆ ಬೋರ್ ನೀರಿಗೆ ಛಾವಣಿಯ ಮಳೆ ನೀರನ್ನೂ ಆರ್‌ಒ ನೀರನ್ನೂ ಬೆರೆಸಿ ಕೊಡುತ್ತೇವೆ. ಸದ್ಯ ಐದು ಪಟ್ಟಿನ ಆಸುಪಾಸು ಓಡಿಸುತ್ತಿದ್ದೇವೆ.

ಪೇಂಟಿಂಗ್‌ಗೆ ಮುಂಚೆ ಬಿಡಿಭಾಗ ತೊಳೆಯುವ ಲೈನಿನಲ್ಲಿ ಕೆಲಸ ಸುಲಭ, ಒಪ್ಪಿಸುವುದು ಕಷ್ಟ. ಪ್ರತಿ ತೊಟ್ಟಿಗೂ ಬೇರೆ ಬೇರೆ ಹೊಸ ನೀರು ಹೋಗುತ್ತಿತ್ತು. ಕೊನೆಯ ತೊಟ್ಟಿಗೆ ಮಾತ್ರ ಹೊಸ ನೀರು ಕೊಟ್ಟು, ಅದು ಉಕ್ಕಿ ಹಿಂದಿನ ತೊಟ್ಟಿಗೆ ಬರುವಂತೆ ಮಾಡಿದೆವು. ಕ್ವಾಲಿಟಿಯವರು ಬಣ್ಣ ಏಳುತ್ತದೆ ಎಂದು ಹೆದರಿದರು. ಪರೀಕ್ಷೆಯ ತುಂಡುಗಳನ್ನು ಅವರ ಕೈಯಲ್ಲೇ ಪಾಸ್ ಮಾಡಿಸಿಕೊಂಡ ಮೇಲೆ ಸುಮ್ಮನಾದರು. ಭಾಗಗಳನ್ನು ತೊಟ್ಟಿಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದು ತೊಟ್ಟಿಕ್ಕಲು ಬಿಟ್ಟರೂ ಸಾಕು, ಕೆಮಿಕಲ್ಲೂ ಉಳಿಯುತ್ತದೆ, ತೊಳೆಯುವ ನೀರೂ ಉಳಿಯುತ್ತದೆ.

ಒಂದು ಹನಿಯನ್ನೂ ಹೊರಗೆ ಬಿಡದ ಝಡ್‌ಎಲ್‌ಡಿ ಪ್ಲಾಂಟನ್ನೇ ಮೊದಲು ಹಾಕಿ ಎನ್ನುವವರು ಬಹಳ. ಕೊಳೆ ನೀರನ್ನು ಕುದಿಸಿ ಆವಿ ಮಾಡಲು ಎಷ್ಟು ಸ್ಟೀಮ್ ಬೇಕು ಎಂದು ಅವರನ್ನು ಕೇಳಿ ನೋಡಿ. ಕೊಳೆ ನೀರನ್ನು ಮೊದಲು ಕಡಿಮೆ ಮಾಡದೆ ಅದಕ್ಕೆ ಕೈ ಹಾಕುವುದು ದುಡ್ಡು ಸುಟ್ಟ ಹಾಗೆ.

ಮಳೆ ನೀರಿನ ವಿಷಯ ಬಂದಾಗ ನಾನು ಯೋಚಿಸುವ ರೀತಿಯೇ ಬದಲಾಯಿತು. ಒಂದು ಚದರ ಮೀಟರ್ ಛಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 10,000 ಚದರ ಮೀಟರ್ ಶೆಡ್ಡಿಗೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದರೆ ಲೆಕ್ಕದಲ್ಲಿ 70 ಲಕ್ಷ ಲೀಟರ್. ಅಷ್ಟನ್ನೂ ಹಿಡಿದುಬಿಡೋಣ, ಅಂಗಳದ ನೀರನ್ನೂ ಇಂಗುಗುಂಡಿಗೆ ಬಿಡೋಣ ಎಂದು ನಕ್ಷೆ ತಯಾರಾಯಿತು. ಅಷ್ಟರಲ್ಲಿ ಕೆಳಗಿನ ಊರಿನ ಕೆರೆ ನೀರು ಹಂಚುವ ಹಿರಿಯ ನೀರುಗಂಟಿಯೊಬ್ಬರನ್ನು ಕರೆದುಕೊಂಡು ಜಾಗ ಸುತ್ತಿದೆವು. ಅವರು ಹಿಂದಿನ ಗೋಡೆ ತೋರಿಸಿ, "ಇಲ್ಲೇ ಸಾರ್ ಕಾಲುವೆ ಇದ್ದಿದ್ದು. ಮೇಲಿನ ನೀರು ಇಲ್ಲಿಂದಾನೇ ನಮ್ಮ ಕೆರೆಗೆ ಬರ್ತಿತ್ತು" ಎಂದರು. ಕೋಲಾರದ ಕೆರೆಗಳು ಸರಪಳಿಯ ಕೆರೆಗಳು. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಮ್ಮ ಜಾಗದಲ್ಲಿ ಬಿದ್ದ ಮಳೆಯನ್ನೆಲ್ಲ ನಾವೇ ನುಂಗಿದರೆ ವರದಿ ಚೆನ್ನಾಗಿ ಕಾಣುತ್ತದೆ, ಕೆರೆಗೆ ಬರುವ ನೀರು ಮಾತ್ರ ಇನ್ನೂ ಕಡಿಮೆಯಾಗುತ್ತದೆ.

ಆ ನಕ್ಷೆಯನ್ನು ತಿದ್ದಿದೆವು. ಛಾವಣಿಯ ನೀರನ್ನು, ಮೊದಲ ಮಳೆಯ ಕೊಳೆ ಬಿಟ್ಟು, ಸಂಪಿಗೆ ತುಂಬಿಸಿ ಬಳಸುತ್ತೇವೆ, ಅಷ್ಟು ಬೋರ್ ನೀರು ಉಳಿಯುತ್ತದೆ. ರಸ್ತೆ ಮತ್ತು ತೋಟದ ನೀರು ಹೂಳು ತಡೆಯುವ ಗುಂಡಿ ದಾಟಿ, ಕೆರೆಗೆ ನೀರು ಒಯ್ಯುವ ರಾಜಕಾಲುವೆಗೆ ಹೋಗುತ್ತದೆ. ಗುಜರಿ ಯಾರ್ಡ್ ಮತ್ತು ಎಣ್ಣೆ ಡ್ರಮ್ ಇಡುವ ಜಾಗಕ್ಕೆ ಛಾವಣಿ ಹಾಕಿಸಿ ಸುತ್ತ ಕಟ್ಟೆ ಕಟ್ಟಿಸಿದೆವು. ಅಂಥ ಜಾಗದ ನೀರನ್ನು ಇಂಗಿಸುವುದು ಎಂದರೆ ಊರಿನ ಬೋರ್‌ವೆಲ್‌ಗೆ ಎಣ್ಣೆ ಹಾಕಿದಂತೆ.

2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ, "ಇನ್ನು ನಮಗೇನು ಚಿಂತೆ" ಎಂದು ನಮ್ಮ ಮೇಲಿನವರೇ ಕೇಳಿದ್ದರು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದ ತನಕ ಶುದ್ಧ ಮಾಡಿ ಕೆರೆ ತುಂಬಿಸುವ ಯೋಜನೆ ಅದು. ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಜನರ ಬೇಡಿಕೆಯೂ ನ್ಯಾಯವಾದದ್ದೇ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಹರಿದಾಗ "ನಮಗೇನು ಚಿಂತೆ" ಎಂಬ ಪ್ರಶ್ನೆ ಮತ್ತೆ ಬಂತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ಮೇಲೆ ಯಾರೂ ಕೇಳಲಿಲ್ಲ.

ಊರಿನವರ ಜೊತೆ ಕೂತಾಗ ಅವರು ಕೇಳಿದ್ದು ಕುಡಿಯುವ ನೀರು. ಈ ಕಡೆ ಫ್ಲೋರೈಡ್ ಹಳೆಯ ಕಾಟ. ಊರಲ್ಲಿ ಶುದ್ಧ ನೀರಿನ ಘಟಕವೇನೋ ಇತ್ತು, ಫಿಲ್ಟರ್ ಬದಲಿಸುವವರು ಇರಲಿಲ್ಲ. ಹೊಸ ಘಟಕ ಕಟ್ಟಿ ಬೋರ್ಡ್ ಹಾಕೋಣ ಎಂದು ಕಂಪನಿಯ ಸಮಾಜ ಸೇವೆ ನೋಡುವ ನಮ್ಮ ಸಿಎಸ್‌ಆರ್‌ನವರ ಆಸೆ. ಇರುವ ಘಟಕವನ್ನೇ ನಮ್ಮ ಆರ್‌ಒ ಟೆಕ್ನಿಷಿಯನ್ ನೋಡಿಕೊಳ್ಳಲಿ ಎಂದು ನಾನು ಹಟ ಹಿಡಿದೆ. ಈಗ ಅವರೇ ಹೋಗಿ ನೀರು ಪರೀಕ್ಷೆ ಮಾಡುತ್ತಾರೆ. ಶುದ್ಧ ಮಾಡಿದ ಮೇಲೆ ಘಟಕ ಹೊರಗೆ ಬಿಡುವ ರಿಜೆಕ್ಟ್ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ. ಅದನ್ನು ದನಕ್ಕೆ ಕುಡಿಸಬೇಡಿ, ಶೌಚಾಲಯಕ್ಕೆ ಬಳಸಿ ಎಂದು ಅಲ್ಲಿಗೇ ಪೈಪ್ ಎಳೆಸಿಕೊಟ್ಟೆವು.

ಮಾನದಂಡದ ಕೊನೆಯ ಹಂತ ಅಂಕಿಗಳನ್ನು ಹೊರಗೆ ಹೇಳುವುದು. ಮ್ಯಾನೇಜ್‌ಮೆಂಟ್ ಹಿಂಜರಿದದ್ದು ಇಲ್ಲೇ. ಬಹಳ ಚರ್ಚೆಯಾಗಿ, ನಾವು ಎತ್ತುವ ನೀರು ಮತ್ತು ನಮ್ಮ ಬೋರ್‌ವೆಲ್‌ನ ಮಟ್ಟ ಎರಡನ್ನೂ ತಿಂಗಳಿಗೊಮ್ಮೆ ಪಂಚಾಯಿತಿ ಕಚೇರಿಯ ಬೋರ್ಡಿನಲ್ಲಿ ಬರೆಯಲು ಒಪ್ಪಿದರು. ಮೊದಲ ಸಲ ಬರೆದಾಗ ಜನ ನಮ್ಮನ್ನು ಬೈಯಲಿಲ್ಲ. ಪಕ್ಕದ ಕಾರ್ಖಾನೆಗಳದ್ದು ಯಾಕಿಲ್ಲ ಎಂದು ಕೇಳಿದರು. ಆ ಕಾರ್ಖಾನೆಯವರನ್ನು ಒಪ್ಪಿಸಲು ಈಗ ಓಡಾಡುತ್ತಿದ್ದೇವೆ. ಕೆಲವರು ಮೀಟರ್ ಹಾಕಿಸಲು ಒಪ್ಪಿದ್ದಾರೆ, ಬೋರ್ಡಿನಲ್ಲಿ ಬರೆಯಲು ಇನ್ನೂ ಯಾರೂ ಒಪ್ಪಿಲ್ಲ.